ಅದಿರು ಕದ್ದವರು ಯಾವ ಪಟ್ಟಿಯಲ್ಲಿದ್ದಾರೆ? ಸಂಡೂರಿನಿಂದ ಅಪರಾಧಶಾಸ್ತ್ರ

ಅಪರಾಧಶಾಸ್ತ್ರ ಅಂದ ಕೂಡಲೇ ಹಲವರಿಗೆ ಬೆರಳಚ್ಚು, ರಕ್ತದ ಕಲೆ, ಕೊಲೆಗಾರರ ವೆಬ್ ಸೀರೀಸ್ ನೆನಪಾಗುತ್ತವೆ. ಅದು ವಿಧಿವಿಜ್ಞಾನ, ಅಂದರೆ ಫೊರೆನ್ಸಿಕ್ ಸೈನ್ಸ್. ಅಪರಾಧಶಾಸ್ತ್ರ ಕೇಳುವ ಪ್ರಶ್ನೆಯೇ ಬೇರೆ. ಯಾವ ಕೆಲಸಕ್ಕೆ ಅಪರಾಧ ಅನ್ನೋ ಹೆಸರು ಬೀಳುತ್ತದೆ? ಯಾರು ಸಿಕ್ಕಿಬೀಳುತ್ತಾರೆ, ಯಾರು ಬಚಾವಾಗುತ್ತಾರೆ? ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದಲ್ಲೂ ಬಳ್ಳಾರಿಯ ವಿಜಯನಗರ ಶ್ರೀಕೃಷ್ಣದೇವರಾಯ ವಿಶ್ವವಿದ್ಯಾಲಯದಲ್ಲೂ ಇವೆರಡನ್ನೂ ಒಟ್ಟಿಗೆ ಕಲಿಸುವ ವಿಭಾಗಗಳಿವೆ. ಬಳ್ಳಾರಿ ವಿವಿಯ ಸ್ನಾತಕೋತ್ತರ ಕೇಂದ್ರವೊಂದು ಸಂಡೂರು ತಾಲ್ಲೂಕಿನ ನಂದಿಹಳ್ಳಿಯಲ್ಲಿದೆ. ಈ ವಿಷಯ ಓದುವವರಿಗೆ ಸಂಡೂರಿಗಿಂತ ದೊಡ್ಡ ಪಠ್ಯ ಬೇಕಿಲ್ಲ.

ಮೊದಲು ಹಳೆಯ ಪಟ್ಟಿ. 1871ರಲ್ಲಿ ಬ್ರಿಟಿಷರು ತಂದ ಕ್ರಿಮಿನಲ್ ಟ್ರೈಬ್ಸ್ ಕಾಯ್ದೆ ಇಡೀ ಸಮುದಾಯಗಳನ್ನು ಹುಟ್ಟಿನಿಂದಲೇ ಅಪರಾಧಿಗಳು ಎಂದು ದಾಖಲಿಸಿತು. 1911ರ ಕಾಯ್ದೆಯೊಂದಿಗೆ ಅದು ಮದ್ರಾಸ್ ಪ್ರಾಂತ್ಯಕ್ಕೂ ಬಂತು. ಬಳ್ಳಾರಿ ಆಗ ಮದ್ರಾಸಿನಲ್ಲಿತ್ತು (ಸಂಡೂರು ಪ್ರತ್ಯೇಕ ಸಂಸ್ಥಾನ). ಕೊರವರು ಆ ಪ್ರಾಂತ್ಯದ ಪಟ್ಟಿಯಲ್ಲಿದ್ದರು. ಯಾರೂ ಏನೂ ಕದಿಯದಿದ್ದರೂ ಠಾಣೆಗೆ ಹೋಗಿ ಹಾಜರಿ ಹಾಕಬೇಕಿತ್ತು. 1952ರಲ್ಲಿ ಕಾಯ್ದೆ ರದ್ದಾಯಿತು, ಆದರೆ 'ರೂಢಿಗತ ಅಪರಾಧಿ' ಅನ್ನೋ ಹೊಸ ಹಣೆಪಟ್ಟಿ ಬಂತು. ಕರ್ನಾಟಕದ ಆ ಕಾನೂನು 1961ರದ್ದು. ಹಂಪಿಯ ಕನ್ನಡ ವಿಶ್ವವಿದ್ಯಾಲಯದಲ್ಲಿ ಬುಡಕಟ್ಟು ಅಧ್ಯಯನ ವಿಭಾಗ ಇದೆ. ಈ ಸಮುದಾಯಗಳ ಬಾಯಿಮಾತಿನ ಚರಿತ್ರೆಯನ್ನು ಪೊಲೀಸ್ ದಾಖಲೆಯ ಪಕ್ಕ ಇಟ್ಟು ಓದುವ ಕೆಲಸಕ್ಕೆ ಅದಕ್ಕಿಂತ ಸರಿಯಾದ ಜಾಗ ಇಲ್ಲ ಅನ್ನಿಸುತ್ತದೆ.

ಇದಕ್ಕೆ ತದ್ವಿರುದ್ಧವಾದ ಪ್ರಶ್ನೆ ಎತ್ತಿದವರು ಅಮೆರಿಕದ ಎಡ್ವಿನ್ ಸದರ್‌ಲ್ಯಾಂಡ್. ಅಪರಾಧವನ್ನು ಬಡತನಕ್ಕೆ ಕಟ್ಟಿಹಾಕಿದರೆ ಕಂಪನಿ, ಕಚೇರಿಗಳಲ್ಲಿ ಕೂತು ಮಾಡುವ ಅಪರಾಧ ಕಾಣೋದೇ ಇಲ್ಲ ಎಂದು 1939ರಲ್ಲಿ ಅವರು ವಾದಿಸಿದರು. 'ವೈಟ್ ಕಾಲರ್ ಕ್ರೈಮ್' ಅನ್ನೋ ಮಾತು ಬಂದದ್ದು ಅಲ್ಲಿಂದ. ಸಂಡೂರು, ಹೊಸಪೇಟೆಯ ಅದಿರಿನ ಕಥೆಗೆ ಈ ಮಾತು ಚೆನ್ನಾಗಿ ಹೊಂದುತ್ತದೆ.

2011ರ ಜುಲೈ 27ರಂದು ಲೋಕಾಯುಕ್ತ ನ್ಯಾಯಮೂರ್ತಿ ಎನ್. ಸಂತೋಷ್ ಹೆಗ್ಡೆ ಕೊಟ್ಟ ವರದಿಯನ್ನು ನಾವು ರಾಜಕೀಯ ದಾಖಲೆಯಾಗಿ ಮಾತ್ರ ನೆನಪಿಟ್ಟುಕೊಂಡಿದ್ದೇವೆ. ಯಡಿಯೂರಪ್ಪ ರಾಜೀನಾಮೆ ಕೊಟ್ಟರಲ್ಲ, ಅದು. ಆದರೆ ಅದನ್ನು ಸಂಶೋಧನೆ ಅಂತ ಓದಿ ನೋಡಿ. ಅರಣ್ಯಾಧಿಕಾರಿ ಯು.ವಿ. ಸಿಂಗ್ ತಂಡ ಹಿಡಿದ ದಾರಿ ಸರಳ: ಬಂದರುಗಳಿಂದ ಹಡಗು ಹತ್ತಿದ ಅದಿರು ಎಷ್ಟು, ಸಾಗಾಟಕ್ಕೆ ಪರ್ಮಿಟ್ ಇದ್ದದ್ದು ಎಷ್ಟು? ಎರಡನ್ನೂ ತಾಳೆ ಹಾಕಿದಾಗ 2006ರಿಂದ 2010ರವರೆಗೆ ಸುಮಾರು 2.98 ಕೋಟಿ ಟನ್ ಅದಿರಿಗೆ ಲೆಕ್ಕವೇ ಸಿಗಲಿಲ್ಲ. ವರದಿ ಅಂದಾಜಿಸಿದ ನಷ್ಟ ₹16,085 ಕೋಟಿ. ಹಣ ಕೊಟ್ಟವರ ಲಾರಿಗಳನ್ನು ದಾರಿಯಲ್ಲಿ ಯಾರೂ ತಡೆಯದ ವ್ಯವಸ್ಥೆಗೆ ದಂಧೆಯಲ್ಲೇ ಒಂದು ಹೆಸರಿತ್ತು: 'ಜೀರೋ ರಿಸ್ಕ್'. ಕಳ್ಳತನದ ಅಪಾಯವನ್ನೇ ದುಡ್ಡಿಗೆ ಮಾರುವುದು ಅಂದರೆ ಇದೇ.

ಸಮಾಜ ಪರಿವರ್ತನ ಸಮುದಾಯದ ಅರ್ಜಿಯ ಮೇಲೆ ಸುಪ್ರೀಂ ಕೋರ್ಟ್ 2011ರ ಜುಲೈ 29ರಂದು ಬಳ್ಳಾರಿಯ ಗಣಿಗಾರಿಕೆ ನಿಲ್ಲಿಸಿತು. ಆಮೇಲೆ ಗಡಿಗಳ ಸರ್ವೆ ನಡೆಯಿತು. ಚಿತ್ರದುರ್ಗ, ತುಮಕೂರು ಸೇರಿ 166 ಗುತ್ತಿಗೆಗಳಲ್ಲಿ 45 'ಎ', 72 'ಬಿ', 49 'ಸಿ' ಗುಂಪಿಗೆ ಬಿದ್ದವು. ಗಂಭೀರ ಉಲ್ಲಂಘನೆಯ 'ಸಿ' ಗುತ್ತಿಗೆಗಳನ್ನು 2013ರ ಏಪ್ರಿಲ್ 18ರಂದು ಕೋರ್ಟ್ ರದ್ದುಮಾಡಿತು.

ಇದೆಲ್ಲ ಎನ್‌ಸಿಆರ್‌ಬಿ ಅಂಕಿಅಂಶದಲ್ಲಿ ಸಿಗುತ್ತದಾ? ಹುಷಾರು. ಅಲ್ಲಿ ಒಂದು ಎಫ್‌ಐಆರ್‌ನಲ್ಲಿ ಎಷ್ಟೇ ಕಲಂ ಇದ್ದರೂ ಹೆಚ್ಚು ಶಿಕ್ಷೆಯ ಒಂದೇ ಅಪರಾಧ ಎಣಿಕೆಗೆ ಬರುತ್ತದೆ. 'ಪರಿಸರ ಸಂಬಂಧಿ ಅಪರಾಧ' ಅನ್ನೋ ಕೋಷ್ಟಕದಲ್ಲಿ ಸಿಗರೇಟು, ತಂಬಾಕು ಕಾಯ್ದೆಯ ಕೇಸುಗಳೂ ಸೇರಿವೆ! ಇನ್ನು 2021ರಲ್ಲಿ ಹೊಸಪೇಟೆ ವಿಜಯನಗರ ಜಿಲ್ಲೆಯ ಕೇಂದ್ರವಾಯಿತು, ಸಂಡೂರು ಮತ್ತು ಕಂಪ್ಲಿ ಬಳ್ಳಾರಿಯಲ್ಲೇ ಉಳಿದವು. 'ಬಳ್ಳಾರಿ ಜಿಲ್ಲೆ' ಅಂತ ಹಿಂದಿನ, ಇಂದಿನ ಅಂಕಿಗಳನ್ನು ಹಾಗೇ ಹೋಲಿಸಿದರೆ ಲೆಕ್ಕ ತಪ್ಪುತ್ತದೆ.

ಕಾನೂನಿನಲ್ಲೂ ಒಂದು ತೊಡಕಿದೆ. ಗಣಿ ಮತ್ತು ಖನಿಜ ಕಾಯ್ದೆಯ 22ನೇ ಕಲಂ ಪ್ರಕಾರ ಅಧಿಕೃತ ಅಧಿಕಾರಿ ದೂರು ಕೊಟ್ಟರಷ್ಟೇ ಕೋರ್ಟ್ ಆ ಕಾಯ್ದೆಯಡಿ ವಿಚಾರಣೆಗೆ ತೆಗೆದುಕೊಳ್ಳುತ್ತದೆ. ಇಲಾಖೆ ಸುಮ್ಮನಿದ್ದರೆ ಕೇಸೇ ಇಲ್ಲ. ಅದು ಸರ್ಕಾರಿ ಸೊತ್ತಿನ ಕಳ್ಳತನವೂ ಹೌದು, ಪೊಲೀಸರು ಪ್ರತ್ಯೇಕವಾಗಿ ಕೇಸು ಹಾಕಬಹುದು ಎಂದು ಸುಪ್ರೀಂ ಕೋರ್ಟ್ 2014ರಲ್ಲಿ, ಮರಳಿನ ಪ್ರಕರಣಗಳಲ್ಲಿ, ಸ್ಪಷ್ಟಪಡಿಸಿತು. ಕಂಪ್ಲಿಯಲ್ಲಿ ತುಂಗಭದ್ರೆಯಿಂದ ಅನುಮತಿ ಇಲ್ಲದೆ ಮರಳು ತುಂಬಿದ ಟ್ರ್ಯಾಕ್ಟರಿಗೂ ಗಣಿ ಕಂಪನಿಗೂ ಇದೇ ಕಲಂ. ಯಾರ ಮೇಲೆ ಎಷ್ಟು ಕೇಸು, ಎಷ್ಟು ಬೇಗ ತೀರ್ಪು? ಒಳ್ಳೆಯ ಪಿಎಚ್‌ಡಿ ವಿಷಯ, ಯಾರಾದರೂ ಎತ್ತಿಕೊಳ್ಳಿ.

2024ರ ಅಕ್ಟೋಬರ್ ತಿಂಗಳೊಂದನ್ನೇ ತೆಗೆದುಕೊಳ್ಳಿ. ಅಕ್ಟೋಬರ್ 3ರಂದು ಸುಪ್ರೀಂ ಕೋರ್ಟ್ ಜೈಲುಗಳಲ್ಲಿನ ಜಾತಿ ತಾರತಮ್ಯದ ನಿಯಮಗಳನ್ನು ರದ್ದುಮಾಡುತ್ತಾ, ರೂಢಿಗತ ಅಪರಾಧಿ ಕಾನೂನುಗಳು ಇನ್ನೂ ಬೇಕೇ ಎಂದು ಯೋಚಿಸಲು ಸರ್ಕಾರಗಳಿಗೆ ಹೇಳಿತು. ಅಕ್ಟೋಬರ್ 26ರಂದು, 2010ರಲ್ಲಿ ಬೇಲೇಕೇರಿ ಬಂದರಿನಿಂದ ಜಪ್ತಿಯಾದ ಅದಿರು ಮಾಯವಾದ ಪ್ರಕರಣದಲ್ಲಿ ಕಾರವಾರ ಶಾಸಕ ಸತೀಶ್ ಸೈಲ್‌ಗೆ ಬೆಂಗಳೂರಿನ ವಿಶೇಷ ನ್ಯಾಯಾಲಯ 7 ವರ್ಷ ಶಿಕ್ಷೆ ಕೊಟ್ಟಿತು. ಮುಂದಿನ ತಿಂಗಳೇ ಹೈಕೋರ್ಟ್ ಆ ಶಿಕ್ಷೆಯನ್ನು ಅಮಾನತಿನಲ್ಲಿಟ್ಟಿತು.