ಮರದ ಕೆಲಸ ಕಲಿಯಲು ದಾರಿ ಯಾವುದು? ಗಡಿನಾಡಿನ ಯುವಕರಿಗೆ ಒಂದಿಷ್ಟು ಮಾಹಿತಿ

ವರ್ಕಾಡಿ, ಮೀಂಜ, ಪೈವಳಿಕೆ, ಪುತ್ತಿಗೆ, ಎಣ್ಮಕಜೆ ಕಡೆಯ ತೋಟದ ಮನೆಗಳಲ್ಲಿ ಅಡಿಕೆ ಕೊಯ್ಲು ಹತ್ತಿರ ಬಂದಾಗ ಕೇಳಿಬರುವ ಮೊದಲ ಪ್ರಶ್ನೆ, "ಮರ ಹತ್ತಲು ಜನ ಸಿಕ್ಕಿದರಾ?" ಮಳೆಗಾಲದ ಮೊದಲು ಮದ್ದು ಬಿಡುವಾಗಲೂ ಇದೇ ಪ್ರಶ್ನೆ. ಕಾಲಿಗೆ ತಳೆ ಹಾಕಿ ಮರದಿಂದ ಮರಕ್ಕೆ ದಾಟುತ್ತಿದ್ದ ಹಳೆಯ ಕೆಲಸಗಾರರಿಗೆ ವಯಸ್ಸಾಗಿದೆ. ಅವರ ಮಕ್ಕಳು ಮಂಗಳೂರು, ಗಲ್ಫ್ ಎಂದು ಹೊರಟಿದ್ದಾರೆ. ಕೆಲಸ ಇದೆ, ಕೂಲಿಯೂ ಇದೆ. ಆದರೆ ಕ್ರಮವಾಗಿ ಕಲಿಸುವ ವ್ಯವಸ್ಥೆ ಕಡಿಮೆ.

ಶಿಬಿರದಿಂದ ಆರಂಭ

ತೆಂಗು ಅಭಿವೃದ್ಧಿ ಮಂಡಳಿ 2011ರಲ್ಲಿ 'ತೆಂಗಿನ ಮರದ ಗೆಳೆಯರು' ಎಂಬ ತರಬೇತಿ ಯೋಜನೆ ಆರಂಭಿಸಿತು. ಯಂತ್ರದ ಸಹಾಯದಿಂದ ಮರ ಏರುವುದು, ಬೆಳೆದ ಕಾಯಿ ಗುರುತಿಸುವುದು, ಮರದ ತಲೆ ಸ್ವಚ್ಛ ಮಾಡುವುದು, ಕುರುವಾಯಿ ಹುಳ, ಕೆಂಪು ಮೂತಿ ಹುಳ, ಸುಳಿ ಕೊಳೆಯ ಲಕ್ಷಣ ಪತ್ತೆ ಮಾಡುವುದು, ಇವೆಲ್ಲವನ್ನೂ ಸುಮಾರು ಒಂದು ವಾರದ ಶಿಬಿರದಲ್ಲಿ ಕಲಿಸಲಾಯಿತು. ಕಲಿತವರಿಗೆ ಯಂತ್ರ ಹಾಗೂ ಅಪಘಾತ ವಿಮೆಯ ಸೌಲಭ್ಯ ದೊರೆಯಿತು. ಮಹಿಳೆಯರೂ ಈ ಕೆಲಸಕ್ಕೆ ಬಂದದ್ದು ದೊಡ್ಡ ಬದಲಾವಣೆ. ಈ ಯಂತ್ರಗಳಲ್ಲಿ ಹೆಸರಾದ ಒಂದು ಮಾದರಿ ನಮ್ಮ ನೆರೆಯ ಕಣ್ಣೂರು ಜಿಲ್ಲೆಯ ಚೆಂಬೇರಿಯ ಕೃಷಿಕರೊಬ್ಬರದ್ದು.

ಅಡಿಕೆಗೂ ಇಂಥದೇ ಪ್ರಯತ್ನ ನಡೆಯಿತು. 2018ರಲ್ಲಿ ವಿಟ್ಲದ ಸಿಪಿಸಿಆರ್‌ಐ ಪ್ರಾದೇಶಿಕ ಕೇಂದ್ರದಲ್ಲಿ ಕ್ಯಾಂಪ್ಕೊ ಮೊದಲಾದ ಸಂಸ್ಥೆಗಳ ಸಹಕಾರದಿಂದ 'ಅಡಿಕೆ ಕೌಶಲ್ಯ ಪಡೆ' ಶಿಬಿರ ನಡೆದು, ಯುವಕರಿಗೆ ಮರ ಏರಲು, ಕೊಯ್ಯಲು, ಮದ್ದು ಬಿಡಲು ಕಲಿಸಲಾಯಿತು. ಕಾಸರಗೋಡಿನ ಸಿಪಿಸಿಆರ್‌ಐ 1916ರಲ್ಲಿ ತೆಂಗು ಸಂಶೋಧನಾ ಕೇಂದ್ರವಾಗಿ ಹುಟ್ಟಿದ್ದು. ವಿಟ್ಲದ್ದು 1956ರಲ್ಲಿ ಅಡಿಕೆಗಾಗಿಯೇ ಆರಂಭವಾದದ್ದು. ಮಂಜೇಶ್ವರದವರಿಗೆ ಎರಡೂ ದೂರವಲ್ಲ.

ಶಿಬಿರ ಮುಗಿದ ಮೇಲೆ?

ಒಂದು ವಾರದಲ್ಲಿ ಭಯ ಹೋಗುತ್ತದೆ, ಆದರೆ ಕೈ ಪಳಗುವುದಿಲ್ಲ. ಮಳೆಯಲ್ಲಿ ಜಾರುವ ಮರ, ಒಳಗೆ ಟೊಳ್ಳಾದ ಮರ, ಗಾಳಿಗೆ ಬಾಗುವ ಮರ ಯಾವುದೆಂದು ಶಿಬಿರದಲ್ಲಿ ಹೇಳಬಹುದು, ಆದರೆ ಅದು ಮನಸ್ಸಿನಲ್ಲಿ ನಿಲ್ಲುವುದು ಅನುಭವಿಯ ಜತೆ ಕೆಲಸ ಮಾಡಿದಾಗ ಮಾತ್ರ. ಶಿಬಿರದ ಪ್ರಮಾಣಪತ್ರ ಹಿಡಿದು ಒಬ್ಬನೇ ಕೆಲಸಕ್ಕಿಳಿದ ಹುಡುಗ ಮೊದಲ ವರ್ಷವೇ ಹಿಂದೆ ಸರಿಯುವ ಸಾಧ್ಯತೆ ಹೆಚ್ಚು. ಬಿದ್ದರೆ ಮನೆಯೇ ಕುಸಿಯುತ್ತದೆ.

ಜರ್ಮನಿಯಲ್ಲಿ ತೋಟಗಾರ ಅಥವಾ ಅರಣ್ಯ ಕೆಲಸಗಾರ ಆಗಬೇಕಾದರೆ ಸಾಮಾನ್ಯವಾಗಿ 3 ವರ್ಷದ ಅಪ್ರೆಂಟಿಸ್ ತರಬೇತಿ ಇದೆ. ಕೆಲಸದ ಸ್ಥಳದಲ್ಲಿ ದುಡಿಮೆ, ಜತೆಗೆ ಶಾಲೆಯ ಪಾಠ, ಕೊನೆಗೆ ಪರೀಕ್ಷೆ. ನಮ್ಮ ದೇಶದಲ್ಲೂ 1961ರ ಅಪ್ರೆಂಟಿಸ್ ಕಾಯ್ದೆ ಇದೆ. 2016ರಲ್ಲಿ ರಾಷ್ಟ್ರೀಯ ಅಪ್ರೆಂಟಿಸ್‌ಶಿಪ್ ಪ್ರೋತ್ಸಾಹ ಯೋಜನೆ ಬಂದು, ತರಬೇತಿ ಭತ್ಯೆಯ ಒಂದು ಪಾಲನ್ನು ಕೇಂದ್ರ ಸರಕಾರ ಭರಿಸತೊಡಗಿತು. ಆದರೆ ಈ ಕಾಯ್ದೆ ಮುಖ್ಯವಾಗಿ ಹಲವು ನೌಕರರಿರುವ ಸಂಸ್ಥೆಗಳಿಗೆ. 2019ರ ನಿಯಮದಂತೆ 30 ಅಥವಾ ಅದಕ್ಕಿಂತ ಹೆಚ್ಚು ಜನರಿರುವಲ್ಲಿ ಕಡ್ಡಾಯ, 4ರಿಂದ 29 ಜನರಿರುವಲ್ಲಿ ಐಚ್ಛಿಕ. ಎರಡು ಎಕ್ರೆ ತೋಟದ ಕೃಷಿಕನೊಬ್ಬ ಅಪ್ರೆಂಟಿಸ್ ಇಟ್ಟುಕೊಳ್ಳುವುದು ಹೇಗೆ?

ಹಾಗಾಗಿ ಇಲ್ಲಿ ಮುಂದೆ ಬರಬೇಕಾದವರು ಸೇವಾ ಸಹಕಾರಿ ಬ್ಯಾಂಕುಗಳು, ನರ್ಸರಿಗಳು, ಕೃಷಿಭವನದ ಮೂಲಕ ಕೆಲಸ ಮಾಡುವ ಕಾರ್ಷಿಕ ಕರ್ಮ ಸೇನೆಗಳು. ಇಪ್ಪತ್ತು ತೋಟಗಳ ಕೆಲಸವನ್ನು ಒಂದು ತಂಡ ವಹಿಸಿಕೊಂಡರೆ ಇಬ್ಬರು ಅನುಭವಿಗಳ ಜತೆ ಇಬ್ಬರು ಕಲಿಯುವವರಿಗೆ ವರ್ಷವಿಡೀ ಕೆಲಸ ಇರುತ್ತದೆ. ಕಲಿಯುವವನಿಗೆ ಮೊದಲ ದಿನದಿಂದಲೇ ಭತ್ಯೆ ಮತ್ತು ವಿಮೆ ಇರಬೇಕು, ಕಲಿಸುವ ಹಿರಿಯನಿಗೂ ಪ್ರತ್ಯೇಕ ಸಂಭಾವನೆ ಸಲ್ಲಬೇಕು. ಮರ ಏರುವ ಕೆಲಸಕ್ಕೆ 18 ವರ್ಷ ತುಂಬದವರನ್ನು ಸೇರಿಸಲೇಬಾರದು.

ಒಂದು ವರ್ಷದಲ್ಲಿ ಏನೇನು ಕಲಿಯಬಹುದು?

ಮೇ-ಜೂನ್: ಬೋರ್ಡೋ ದ್ರಾವಣ ತಯಾರಿ ಮತ್ತು ಸಿಂಪಡಣೆ. ಶೇ. 1ರ ದ್ರಾವಣಕ್ಕೆ 1 ಕಿಲೋ ಮೈಲುತುತ್ತು 50 ಲೀಟರ್ ನೀರಿನಲ್ಲಿ, 1 ಕಿಲೋ ಸುಣ್ಣ ಇನ್ನೊಂದು 50 ಲೀಟರ್ ನೀರಿನಲ್ಲಿ. ತುತ್ತಿನ ನೀರನ್ನು ಸುಣ್ಣದ ನೀರಿಗೆ ಹೊಯ್ಯಬೇಕು. ಕಬ್ಬಿಣದ ಚೂರಿ ಅದ್ದಿದಾಗ ಕೆಂಪು ಅಂಟಿದರೆ ಸುಣ್ಣ ಸಾಲದು ಎಂದರ್ಥ.

ಜುಲೈ-ಆಗಸ್ಟ್: ಗಿಡ ನೆಡುವುದು, ಗೇರು-ಮಾವಿನ ಕಸಿ ಕಟ್ಟುವುದು, ಕೊಳೆರೋಗದ ಎರಡನೇ ಸಿಂಪಡಣೆ. ಗೇರಿನ ಬಗ್ಗೆ ತಿಳಿಯಲು ಪುತ್ತೂರಿನ ಗೇರು ಸಂಶೋಧನಾ ನಿರ್ದೇಶನಾಲಯ ಇದೆ.

ನವೆಂಬರ್‌ನಿಂದ ಮಾರ್ಚ್: ಅಡಿಕೆ ಕೊಯ್ಲು. ಇತ್ತೀಚಿನ ವರ್ಷಗಳಲ್ಲಿ ಕಾರ್ಬನ್ ಫೈಬರ್ ದೋಟಿ ಬಂದು ನೆಲದಿಂದಲೇ ಕೊಯ್ಯಲು ಸಾಧ್ಯವಾಗಿದೆ. ಆದರೆ ಎಚ್ಚರ: ಕಾರ್ಬನ್ ಫೈಬರ್‌ನಲ್ಲಿ ವಿದ್ಯುತ್ ಹರಿಯುತ್ತದೆ. ಲೈನ್ ಹಾದುಹೋದ ತೋಟದಲ್ಲಿ ಇದನ್ನು ಎತ್ತುವ ಮೊದಲು ಸುತ್ತ ನೋಡಲೇಬೇಕು.

ಏಪ್ರಿಲ್: ಮನೆ, ಶಾಲೆ, ರಸ್ತೆ ಬದಿಯ ಮರಗಳ ಕೊಂಬೆ ಸವರುವುದು. ದೊಡ್ಡ ಕೊಂಬೆಯನ್ನು ಒಂದೇ ಏಟಿಗೆ ಕಡಿದರೆ ತೊಗಟೆ ಸುಲಿದು ಮರಕ್ಕೆ ಗಾಯವಾಗುತ್ತದೆ. ಕಾಂಡದಿಂದ ಸ್ವಲ್ಪ ದೂರದಲ್ಲಿ ಮೊದಲು ಅಡಿಯಿಂದ ಅರ್ಧ ಗಾಯ, ಬಳಿಕ ಅದಕ್ಕಿಂತ ಆಚೆ ಮೇಲಿನಿಂದ ಕಡಿತ, ಕೊನೆಗೆ ಉಳಿದ ಮೋಟನ್ನು ಕೊಂಬೆ ಬುಡದ ಉಬ್ಬಿನ ಹೊರಗೆ ಕಡಿಯುವುದು ಸರಿಯಾದ ಕ್ರಮ.

ತಲಪಾಡಿಯಿಂದ ಚೆಂಗಳದವರೆಗೆ ಹೆದ್ದಾರಿ ಅಗಲೀಕರಣಕ್ಕೆ ಎಷ್ಟೋ ಮರಗಳು ಹೋಗಿವೆ. ಇನ್ನು ನೆಡುವ ಗಿಡಗಳನ್ನು ನೋಡಿಕೊಳ್ಳಲೂ ಈ ವಿದ್ಯೆ ಬೇಕು. ಮಂಗಳೂರಿನ ವಸತಿ ಸಮುಚ್ಚಯ, ಕಾಲೇಜುಗಳ ಹೂದೋಟದ ಕೆಲಸಕ್ಕೂ ಇದೇ ಅಡಿಪಾಯ.

ಗಡಿಯ ತೊಡಕು

ಕೆಲಸಕ್ಕೆ ಗಡಿ ಇಲ್ಲ, ಕಾನೂನಿಗೆ ಇದೆ. ಮರ ಕಡಿಯುವ ವಿಚಾರದಲ್ಲಿ ಕೇರಳದಲ್ಲಿ 1986 ಮತ್ತು 2005ರ ಕಾಯ್ದೆಗಳು, ಕರ್ನಾಟಕದಲ್ಲಿ 1976ರ ಕಾಯ್ದೆ ಇವೆ. ಗಂಧ, ತೇಗ, ಬೀಟೆಯಂಥ ಮರಗಳನ್ನು ಮುಟ್ಟುವ ಮೊದಲು, ಮರವನ್ನು ಗಡಿ ದಾಟಿಸುವ ಮೊದಲು ಆಯಾ ಅರಣ್ಯ ಕಚೇರಿಯಲ್ಲಿ ವಿಚಾರಿಸಿ.

ತರಬೇತಿಗೆ ಅರ್ಜಿ ಹಾಕುವಾಗಲೂ ಅಷ್ಟೆ. ಕರ್ನಾಟಕ ತೋಟಗಾರಿಕೆ ಇಲಾಖೆ ರೈತರ ಮಕ್ಕಳಿಗೆ ಲಾಲ್‌ಬಾಗ್ ಮೊದಲಾದ ಕಡೆ 10 ತಿಂಗಳ ತರಬೇತಿ ನಡೆಸುತ್ತ ಬಂದಿದೆ. ಆದರೆ ವಾಸಸ್ಥಳದ ನಿಯಮವನ್ನು ಮೊದಲೇ ಕೇಳಿಕೊಳ್ಳುವುದು ಒಳ್ಳೆಯದು. ಕೇರಳದ ಶಿಬಿರಗಳಲ್ಲಿ ಪಾಠ ಸಾಮಾನ್ಯವಾಗಿ ಮಲಯಾಳದಲ್ಲಿ ನಡೆಯುತ್ತದೆ. ಹತ್ತು-ಹದಿನೈದು ಮಂದಿ ಒಟ್ಟಾಗಿ ಕೇಳಿಕೊಂಡರೆ ಕನ್ನಡದಲ್ಲಿ ಹೇಳಬಲ್ಲವರನ್ನು ಕರೆಸಲು ಅನುಕೂಲವಾಗುತ್ತದೆ. ಹಗ್ಗದ ಗಂಟು ತಪ್ಪಿದರೆ ಜೀವ ಹೋಗುವ ಕೆಲಸವನ್ನು ಅರ್ಧ ತಿಳಿದ ಭಾಷೆಯಲ್ಲಿ ಕಲಿಯುವುದು ಕ್ಷೇಮವಲ್ಲ.

ಆಸಕ್ತರು ಮೊದಲು ತಮ್ಮ ಪಂಚಾಯತಿನ ಕೃಷಿಭವನ, ನಂತರ ಕಾಸರಗೋಡು ಸಿಪಿಸಿಆರ್‌ಐ ಆವರಣದ ಕೃಷಿ ವಿಜ್ಞಾನ ಕೇಂದ್ರವನ್ನು ಸಂಪರ್ಕಿಸಬಹುದು. ಮುಂದಿನ ಶಿಬಿರ ಯಾವಾಗ, ವಿಮೆ ಎಷ್ಟು, ಯಂತ್ರ ಸಿಗುತ್ತದೆಯೇ ಎಂಬ ಮೂರು ಪ್ರಶ್ನೆ ಮರೆಯದೆ ಕೇಳಿ. ಜತೆಗೆ ನಿಮ್ಮ ಊರಿನಲ್ಲಿ ಇನ್ನೂ ಮರ ಏರುವ ಹಿರಿಯರಿದ್ದರೆ ಅವರನ್ನು ಈ ವರ್ಷವೇ ಮಾತಾಡಿಸಿ. ಅವರ ವಿದ್ಯೆ ಯಾವ ಪುಸ್ತಕದಲ್ಲೂ ಪೂರ್ತಿ ಬರೆದಿಲ್ಲ.