ನಿಷ್ಠೆಯನ್ನು ಶಂಕಿಸುವ ರಾಜಕೀಯ: ಹೊಸದುರ್ಗದಿಂದ ಶ್ರೀರಂಗಪಟ್ಟಣದವರೆಗೆ

ಇಸ್ಲಾಮಿನ ಇತಿಹಾಸದ ಮೊದಲ ವಲಸೆ ಮದೀನಾಕ್ಕಲ್ಲ, ಅಬಿಸೀನಿಯಾಕ್ಕೆ. ಕ್ರಿ.ಶ. 615ರ ಸುಮಾರಿಗೆ ಕುರೈಶರ ಹಿಂಸೆಯನ್ನು ತಾಳಲಾರದೆ ಪ್ರವಾದಿ(ಸ)ರ ಅನುಯಾಯಿಗಳ ಒಂದು ಸಣ್ಣ ಗುಂಪು ಕಡಲು ದಾಟಿತು. ಅವರನ್ನು ಮರಳಿ ಒಪ್ಪಿಸಬೇಕೆಂದು ಕುರೈಶರು ಉಡುಗೊರೆಗಳೊಂದಿಗೆ ರಾಯಭಾರಿಗಳನ್ನು ಕಳುಹಿಸಿದರು. ಇವರು ಪೂರ್ವಿಕರ ಧರ್ಮವನ್ನು ತೊರೆದವರು, ನಿಮ್ಮ ಧರ್ಮಕ್ಕೂ ಸೇರದವರು ಎಂಬುದೇ ಅವರ ದೂರು. ಆದರೆ ಕ್ರೈಸ್ತ ದೊರೆ ನಜಾಶಿಯು ದೂರನ್ನಷ್ಟೇ ಕೇಳಿ ತೀರ್ಪು ಕೊಡಲಿಲ್ಲ. ವಲಸಿಗರನ್ನು ಕರೆಸಿ, ಜಅಫರ್ ಬಿನ್ ಅಬೀ ತಾಲಿಬ್(ರ)ರ ಮಾತನ್ನೂ ಮರ್ಯಮ್ ಅಧ್ಯಾಯದ ಪಾರಾಯಣವನ್ನೂ ಆಲಿಸಿದನು. ಬಳಿಕ ಉಡುಗೊರೆಗಳನ್ನು ಹಿಂದಿರುಗಿಸಿ, ಬಂದವರಿಗೆ ಆಶ್ರಯ ನೀಡಿದನು.

ಈ ಚರಿತ್ರೆಯನ್ನು ನಾವು ಮದ್ರಸಗಳಲ್ಲಿ ಮಕ್ಕಳಿಗೆ ಬೋಧಿಸುತ್ತೇವೆ. ಆದರೆ ನಮ್ಮ ಜಿಲ್ಲೆಯ ಕ್ರೈಸ್ತರ ಮೇಲೆ ಅಂಥದೇ ದೂರು ಬಂದಾಗ ನಮಗೆ ನಜಾಶಿಯ ನೆನಪಾಯಿತೇ?

2021ರ ಸೆಪ್ಟೆಂಬರಿನಲ್ಲಿ ಹೊಸದುರ್ಗದ ಅಂದಿನ ಶಾಸಕ ಗೂಳಿಹಟ್ಟಿ ಶೇಖರ್ ಅವರು, ತಮ್ಮ ತಾಯಿಯನ್ನೇ ಕ್ರೈಸ್ತ ಧರ್ಮಕ್ಕೆ ಮತಾಂತರಿಸಲಾಗಿದೆ, ಕ್ಷೇತ್ರದಲ್ಲಿ ಸಾವಿರಾರು ಜನ ಮತಾಂತರಗೊಂಡಿದ್ದಾರೆ ಎಂದು ವಿಧಾನಸಭೆಯಲ್ಲಿ ಹೇಳಿದರು. ಒಬ್ಬ ಮಗನ ನೋವನ್ನು ನಾವು ಹಗುರವಾಗಿ ಕಾಣಬಾರದು. ಆದರೆ ಆ ನೋವು ಶೀಘ್ರದಲ್ಲಿಯೇ ರಾಜ್ಯದ ರಾಜಕೀಯವಾಯಿತು. ಚರ್ಚುಗಳ ಸಮೀಕ್ಷೆಗೆ ಸೂಚನೆ ಹೊರಟಿತು. ಹೊಸದುರ್ಗದ ತಹಶೀಲ್ದಾರರು ವಿಚಾರಿಸಿ, ಬಲವಂತದ ಮತಾಂತರ ಕಂಡುಬಂದಿಲ್ಲವೆಂದು ವರದಿ ನೀಡಿದರು. ವರದಿಯ ಬಳಿಕ ಅವರಿಗೆ ವರ್ಗಾವಣೆಯಾಯಿತು. ಅದೇ ಡಿಸೆಂಬರ್ 23ರಂದು ಮತಾಂತರ ನಿಷೇಧ ಮಸೂದೆಗೆ ವಿಧಾನಸಭೆಯ ಅಂಗೀಕಾರ ದೊರೆಯಿತು. 2022ರಲ್ಲಿ ಅದು ಮೊದಲು ಸುಗ್ರೀವಾಜ್ಞೆಯಾಗಿ, ಅನಂತರ ಕಾಯ್ದೆಯಾಗಿ ಜಾರಿಗೆ ಬಂದಿತು. ಮತ ಬದಲಿಸಲಿಚ್ಛಿಸುವವನು 30 ದಿನ ಮುಂಚಿತವಾಗಿ ಜಿಲ್ಲಾಡಳಿತಕ್ಕೆ ತಿಳಿಸಬೇಕೆಂದು ಅದು ವಿಧಿಸಿತು. 2023ರ ಜೂನಿನಲ್ಲಿ ಹೊಸ ಸರ್ಕಾರದ ಸಂಪುಟವು ಅದನ್ನು ರದ್ದುಪಡಿಸಲು ನಿರ್ಧರಿಸಿತು.

ಇಂಥ ಶಂಕೆ ಹೊಸತಲ್ಲ, ನಮ್ಮ ನಾಡಿಗಷ್ಟೇ ಸೀಮಿತವೂ ಅಲ್ಲ. ಇಂಗ್ಲೆಂಡಿನಲ್ಲಿ ಕ್ಯಾಥೊಲಿಕರಿಗೆ ಅಲ್ಪ ರಿಯಾಯಿತಿ ದೊರೆತುದಕ್ಕೇ 1780ರಲ್ಲಿ ಲಂಡನ್ ನಗರ ದಂಗೆಯಿಂದ ಹೊತ್ತಿ ಉರಿಯಿತು. 1840ರ ದಶಕದಲ್ಲಿ ಐರ್ಲೆಂಡಿನ ಬರಗಾಲದಿಂದ ಕಂಗೆಟ್ಟ ಲಕ್ಷಾಂತರ ಕ್ಯಾಥೊಲಿಕರು ಅಮೆರಿಕಕ್ಕೆ ವಲಸೆ ಹೋದರು. ಇವರ ನಿಷ್ಠೆ ದೇಶಕ್ಕಲ್ಲ, ರೋಮಿನ ಪೋಪರಿಗೆ ಎಂಬ ಕೂಗು ಅಲ್ಲಿ ಎದ್ದಿತು. 1844ರಲ್ಲಿ ಫಿಲಡೆಲ್ಫಿಯಾದಲ್ಲಿ ಚರ್ಚುಗಳು ಭಸ್ಮವಾದವು. ‘ನೋ ನಥಿಂಗ್’ ಎಂದು ಹೆಸರಾದ ಪಕ್ಷವೊಂದು, ವಲಸಿಗರಿಗೆ ಪೌರತ್ವ ನೀಡಲು 21 ವರ್ಷ ಕಾಯಿಸಬೇಕೆಂದು ಒತ್ತಾಯಿಸಿ ಚುನಾವಣೆಗಳನ್ನು ಗೆದ್ದಿತು. 1960ರಲ್ಲಿ ಅಧ್ಯಕ್ಷ ಸ್ಥಾನಕ್ಕೆ ಸ್ಪರ್ಧಿಸಿದ್ದ ಕೆನಡಿಯವರು ಸಹ, ತಾವು ಪೋಪರ ಆಜ್ಞೆಯಂತೆ ನಡೆಯುವವರಲ್ಲ ಎಂದು ಬಹಿರಂಗವಾಗಿ ಹೇಳಬೇಕಾಯಿತು. ರೋಮ್ ಇದ್ದ ಜಾಗದಲ್ಲಿ ಮಕ್ಕಾ ಎಂಬ ಪದವನ್ನಿಟ್ಟರೆ, ಇಂದು ನಮ್ಮ ಮೇಲೆ ಬರುವ ಆರೋಪವೇ ಅದಾಗುತ್ತದೆ.

ಇಷ್ಟನ್ನು ಹೇಳಿ ಲೇಖನಿಯನ್ನು ಕೆಳಗಿಡುವುದು ಸುಲಭ. ಆದರೆ ಇನ್ನೊಂದು ಪುಟವನ್ನು ತೆರೆಯದಿದ್ದರೆ ನಮ್ಮ ಮಾತು ನ್ಯಾಯವಾಗದು.

ಕರಾವಳಿಯ ಕೊಂಕಣಿ ಕ್ಯಾಥೊಲಿಕರ ಪೂರ್ವಿಕರು ಗೋವೆಯಿಂದ ಬಂದ ವಲಸಿಗರು. ಯುದ್ಧ, ಕ್ಷಾಮ, ಪೋರ್ಚುಗೀಸರ ಧಾರ್ಮಿಕ ವಿಚಾರಣೆಯ ಕಾಟಗಳಿಂದ ಪಾರಾಗಿ ಬಂದ ಅವರಿಗೆ ಕೆಳದಿಯ ನಾಯಕರ ನಾಡಿನಲ್ಲಿ ನೆಲೆ ದೊರೆಯಿತು. ಎರಡನೆಯ ಮೈಸೂರು ಯುದ್ಧದಲ್ಲಿ ಅವರು ಇಂಗ್ಲಿಷರಿಗೆ ನೆರವಾದರೆಂಬ ಆರೋಪ ಬಂದಿತು. 1784ರಲ್ಲಿ ಟಿಪ್ಪು ಸುಲ್ತಾನರ ಆಜ್ಞೆಯಂತೆ ಅವರನ್ನು ಸೆರೆಹಿಡಿದು, ಘಟ್ಟ ಹತ್ತಿಸಿ ಶ್ರೀರಂಗಪಟ್ಟಣಕ್ಕೆ ನಡೆಸಲಾಯಿತು. ಸೆರೆಯಾದವರು 30,000 ಎನ್ನುವವರಿದ್ದಾರೆ, 60,000 ಎನ್ನುವವರೂ ಇದ್ದಾರೆ. ಚರ್ಚುಗಳನ್ನು ಕೆಡವಲಾಯಿತು. ದಾರಿಯಲ್ಲಿಯೂ ಸೆರೆಯಲ್ಲಿಯೂ ಅನೇಕರು ಮಡಿದರು, ಹಲವರು ಬಲವಂತದಿಂದ ಮತಾಂತರಗೊಂಡರು. ಉಳಿದವರು ಊರಿಗೆ ಮರಳಿದ್ದು 1799ರ ನಂತರ.

ಚಿತ್ರದುರ್ಗದವರಾದ ನಮಗೆ ಈ ದಾರಿ ಅಪರಿಚಿತವಲ್ಲ. ಅದಕ್ಕೆ ಐದು ವರ್ಷ ಮೊದಲು, 1779ರಲ್ಲಿ, ಹೈದರಾಲಿಯು ಕೋಟೆಯನ್ನು ಗೆದ್ದಾಗ ಮದಕರಿ ನಾಯಕರನ್ನೂ ಬಹುಸಂಖ್ಯೆಯ ಬೇಡ ಕುಟುಂಬಗಳನ್ನೂ ಅದೇ ಶ್ರೀರಂಗಪಟ್ಟಣಕ್ಕೆ ಒಯ್ಯಲಾಗಿತ್ತು.

ಟಿಪ್ಪು ಸುಲ್ತಾನರನ್ನು ಸಮರ್ಥಿಸುವಾಗ ನಾವು 1791ರ ಶೃಂಗೇರಿಯನ್ನು ಮುಂದಿಡುತ್ತೇವೆ. ಮರಾಠಾ ಸೈನ್ಯ ಲೂಟಿ ಮಾಡಿದ ಮಠಕ್ಕೆ ಅವರು ನೆರವಾದುದು ಸತ್ಯ. ಆದರೆ 1791 ಎಷ್ಟು ಸತ್ಯವೋ 1784 ಸಹ ಅಷ್ಟೇ ಸತ್ಯ. ಅದು ಯುದ್ಧಕಾಲ, ರಾಜಕೀಯ ನಿರ್ಧಾರ ಎಂದು ನಮ್ಮಲ್ಲಿ ಕೆಲವರು ವಾದಿಸುತ್ತಾರೆ. ಕಾರಣ ರಾಜಕೀಯವೇ ಇದ್ದೀತು. ಆದರೆ ಶತ್ರುವಿಗೆ ನೆರವಾದವರು ಯಾರೋ ಕೆಲವರಿದ್ದರೆ, ತೊಟ್ಟಿಲ ಕೂಸು ಮಾಡಿದ ಅಪರಾಧವೇನು? ಒಬ್ಬನ ಪಾಪದ ಹೊರೆ ಇನ್ನೊಬ್ಬನ ಹೆಗಲಿಗಿಲ್ಲವೆಂದೂ, ಧರ್ಮದ ವಿಷಯದಲ್ಲಿ ಬಲಾತ್ಕಾರ ಸಲ್ಲದೆಂದೂ ಕಲಿಸುವ ಕುರ್‌ಆನಿನ ಅನುಯಾಯಿಗಳು ನಾವು. ಅನ್ನಿಸಾ ಅಧ್ಯಾಯದ 135ನೇ ಸೂಕ್ತವು ಸ್ವಂತದವರಿಗೆ ವಿರುದ್ಧವಾಗಿಯಾದರೂ ನ್ಯಾಯದ ಸಾಕ್ಷಿ ನುಡಿಯಲು ಆಜ್ಞಾಪಿಸುತ್ತದೆ. ಸುಲ್ತಾನನಿಗೆ ಅದರಿಂದ ವಿನಾಯಿತಿಯಿಲ್ಲ.

2008ರ ಸೆಪ್ಟೆಂಬರ್ 14ರಂದು ಮಂಗಳೂರಿನಲ್ಲಿ ಕ್ಯಾಥೊಲಿಕ್ ಸನ್ಯಾಸಿನಿಯರ ಪ್ರಾರ್ಥನಾಲಯದ ಮೇಲೆ ದಾಳಿ ನಡೆಯಿತು. ಮತಾಂತರದ ಆರೋಪವಿದ್ದದ್ದು ಬೇರೊಂದು ಪಂಗಡದ ಮೇಲೆ. ಪೆಟ್ಟು ಬಿದ್ದದ್ದು ಇವರಿಗೆ. ಶಂಕೆಯ ರಾಜಕೀಯ ನಡೆಯುವುದೇ ಹೀಗೆ. ಅದಕ್ಕೆ ವ್ಯಕ್ತಿ ಕಾಣುವುದಿಲ್ಲ, ಸಮುದಾಯ ಮಾತ್ರ ಕಾಣುತ್ತದೆ. ಇಂದು ಚರ್ಚಿನ ಬಾಗಿಲಲ್ಲಿ ನಿಂತ ಅದು ನಾಳೆ ಮಸೀದಿಯ ಬಾಗಿಲಿಗೆ ಬರುತ್ತದೆಂಬ ಭಯದಿಂದ ಮಾತ್ರ ನಾವು ಅದನ್ನು ವಿರೋಧಿಸಿದರೆ, ಅದು ನ್ಯಾಯವಲ್ಲ, ಲೆಕ್ಕಾಚಾರ.

ಆದ್ದರಿಂದ ಚಿತ್ರದುರ್ಗ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆಗಳ ನಮ್ಮ ಮನೆಗಳಲ್ಲಿ ಮಕ್ಕಳಿಗೆ ಶೃಂಗೇರಿಯ ಜೊತೆಗೆ ಶ್ರೀರಂಗಪಟ್ಟಣದ ಸೆರೆಯನ್ನೂ ಹೇಳೋಣ. ನೆರೆಯ ಕ್ರೈಸ್ತ ಕುಟುಂಬದ ಬಗ್ಗೆ ಮೊಬೈಲಿಗೆ ದೂರೊಂದು ಬಂದರೆ ಮುಂದಕ್ಕೆ ಕಳುಹಿಸುವ ಮೊದಲು, ನಜಾಶಿಯಂತೆ ಅವರ ಮಾತನ್ನೂ ಕೇಳೋಣ. ಅಂದು ಆ ದೊರೆ ಕೇಳದಿದ್ದರೆ ನಮ್ಮ ಮೊದಲ ವಲಸಿಗರ ಗತಿ ಏನಾಗುತ್ತಿತ್ತು?

ತನ್ನವರ ತಪ್ಪನ್ನು ತಪ್ಪೆನ್ನುವ ಧೈರ್ಯವನ್ನೂ, ಪರರ ನೋವನ್ನು ಅರಿಯುವ ಹೃದಯವನ್ನೂ ಅಲ್ಲಾಹನು ನಮಗೆ ಕರುಣಿಸಲಿ. ಆಮೀನ್.