ಕಾಗದಕ್ಕೆ ಕೊಟ್ಟ ಕಾಡು

ತೀರ್ಥಹಳ್ಳಿ ತಾಲ್ಲೂಕಿನ ಕವಲೇದುರ್ಗಕ್ಕೆ ವಿದ್ಯಾರ್ಥಿಗಳನ್ನು ಕರೆದುಕೊಂಡು ಹೋದಾಗಲೆಲ್ಲ ಯಾರಾದರೊಬ್ಬರು ಕೇಳುವ ಪ್ರಶ್ನೆಯೊಂದುಂಟು: “ಈ ಮರಗಳನ್ನು ಯಾರು ನೆಟ್ಟರು ಸಾರ್?” ಯಾರೂ ನೆಡಲಿಲ್ಲ. ಕೆಳದಿಯ ಅರಸರ ರಾಜಧಾನಿ ಬಿದನೂರು 1763ರಲ್ಲಿ ಹೈದರಾಲಿಯ ವಶವಾಯಿತು. ಆಳುವವರು ಹೋದ ಮೇಲೆ ಅಂಗಡಿಯವರೂ ಹೋದರು. ಹೊರಗೆ ಕಾಯುತ್ತಿದ್ದ ಕಾಡು ಮೆಲ್ಲನೆ ಕೋಟೆಯೊಳಕ್ಕೆ ಬಂದಿತು. ಹೈದರನು ಬಿದನೂರಿಗೆ ತನ್ನ ಹೆಸರನ್ನೇ ಇಟ್ಟು ಅಲ್ಲಿ ಟಂಕಸಾಲೆಯನ್ನು ನಡೆಸಿದರೂ ಆ ಪಟ್ಟಣ ಉಳಿಯಲಿಲ್ಲ. ಹೊಸನಗರ ತಾಲ್ಲೂಕಿನಲ್ಲಿ ಈಗ ಅದೊಂದು ಹಳ್ಳಿ. ಹೆಸರು ಮಾತ್ರ ನಗರ!

ಮಲೆನಾಡಿನಲ್ಲಿ ಮನುಷ್ಯನು ಬಿಟ್ಟುಹೋದ ನೆಲ ತಾನಾಗಿಯೇ ಕಾಡಾಗುವುದೆಂಬ ನಂಬಿಕೆ ನನಗೆ ಬಂದದ್ದು ಇಂತಹ ಕಡೆಗಳಲ್ಲಿ ಅಲೆದೇ. ಭದ್ರಾವತಿಯ ಕಾಗದದ ಕಾರ್ಖಾನೆ ನಿಂತ ಮೇಲೆ ಆ ನಂಬಿಕೆಯನ್ನು ಸ್ವಲ್ಪ ತಿದ್ದಿಕೊಳ್ಳಬೇಕಾಯಿತು.

ಭದ್ರಾವತಿಗೂ ಮಲೆನಾಡಿನ ಮರಕ್ಕೂ ಇರುವ ಸಂಬಂಧ ಹಳೆಯದು. 1923ರಲ್ಲಿ ಅಲ್ಲಿ ಕಬ್ಬಿಣದ ಕುಲುಮೆ ಹೊತ್ತಿದ್ದು ಕಲ್ಲಿದ್ದಲಿನಿಂದಲ್ಲ, ನಮ್ಮ ಕಾಡಿನ ಇದ್ದಲಿನಿಂದ. 1936ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿಯೇ ಮೈಸೂರು ಕಾಗದದ ಕಾರ್ಖಾನೆ ಸ್ಥಾಪಿತವಾಯಿತು. ಮೊದಲು ಅದು ಅರೆದದ್ದು ಬಿದಿರನ್ನು. 1977ರಲ್ಲಿ ಸರ್ಕಾರದ ಕಂಪೆನಿಯಾಗಿ, 1981ರಲ್ಲಿ ಸುದ್ದಿಕಾಗದವನ್ನು ಮಾಡಲಾರಂಭಿಸಿತು. ಅಷ್ಟು ದೊಡ್ಡ ಯಂತ್ರದ ಹಸಿವಿಗೆ ಬಿದಿರು ಸಾಲುವಂತಿರಲಿಲ್ಲ. ಹೀಗಾಗಿ 1980ರಲ್ಲಿ ಸುಮಾರು 33,000 ಹೆಕ್ಟೇರ್ ಅರಣ್ಯಭೂಮಿಯನ್ನು ನಾಲ್ವತ್ತು ವರ್ಷಗಳ ಗುತ್ತಿಗೆಗೆ ಕೊಟ್ಟರು. ಹೆಚ್ಚಿನ ಪಾಲು ನಮ್ಮ ಶಿವಮೊಗ್ಗ ಜಿಲ್ಲೆಯದೇ. ಅಲ್ಲಿ ನೀಲಗಿರಿಯೂ ಆಸ್ಟ್ರೇಲಿಯ ಕಡೆಯ ಅಕೇಶಿಯವೂ ಸಾಲುಸಾಲಾಗಿ ಎದ್ದವು.

ಗಿರಣಿಯನ್ನು ಸುಮ್ಮನೆ ಬಯ್ಯುವ ಹಕ್ಕು ನನಗಿಲ್ಲ. ನಾನು ಓದಿದ ಪುಸ್ತಕಗಳೂ ಪತ್ರಿಕೆಗಳೂ ಎಷ್ಟೋ ಆ ಕಾಗದದ ಮೇಲೆಯೇ ಅಚ್ಚಾದವು. ಎಷ್ಟೋ ಸಂಸಾರಗಳು ಅದರ ಸಂಬಳದಿಂದ ಬದುಕಿದವು. ಊರೂರಿನ ಅಕೇಶಿಯವನ್ನೆಲ್ಲ ಅದೇ ನೆಟ್ಟಿತೆನ್ನುವುದೂ ಸರಿಯಲ್ಲ. ಅರಣ್ಯ ಇಲಾಖೆಯೂ ಧಾರಾಳವಾಗಿ ನೆಟ್ಟಿದೆ.

ಕನ್ನಡದ ಮೇಷ್ಟರಾದ ನನ್ನನ್ನು ಕಾಡಿದ್ದು ಕಳೆದುಹೋದ ಮಾತುಗಳು. ಸಾಗರದ ಸೀಮೆಯ ಒಬ್ಬ ಅಡಕೆ ಬೆಳೆಗಾರ ತನ್ನ ಸುತ್ತಲಿನ ನೆಲವನ್ನು ಬರಿದೆ ಕಾಡೆಂದು ಕರೆಯುತ್ತಿರಲಿಲ್ಲ. ನಿತ್ಯಹಸುರಿನ ದಟ್ಟನೆಯ ಮರಗಳಿದ್ದು ಕಾಳುಮೆಣಸಿನ ಬಳ್ಳಿ ಹಬ್ಬಿದ್ದರೆ ಅದು ಕಾನು. ತೋಟಕ್ಕೆ ಸೊಪ್ಪು ದರಗು ಒದಗಿಸುವುದು ಸೊಪ್ಪಿನಬೆಟ್ಟ. ದನ ಮೇಯುವ ಹುಲ್ಲಿನ ದಿಬ್ಬ ಬ್ಯಾಣ. ಕುರುಚಲು ಬೆಳೆದದ್ದು ಹಕ್ಕಲು. 1868ರಲ್ಲಿಯೇ ಬ್ರಾಂಡಿಸ್, ಗ್ರಾಂಟ್ ಎಂಬಿಬ್ಬರು ಅಧಿಕಾರಿಗಳು ನೆರೆಯ ಸೊರಬದ ಕಾನುಗಳನ್ನು ಕುರಿತು ಪ್ರತ್ಯೇಕವಾಗಿ ವರದಿ ಬರೆದಿದ್ದರು. ಪರದೇಶದವರ ಕಣ್ಣಿಗೂ ಭೇದ ಕಂಡಿತ್ತು. ಮುಂದೆ ‘ನೆಡುತೋಪು’ ಎಂಬ ಒಂದೇ ಮಾತು ಬಂದು ಇವೆಲ್ಲವನ್ನೂ ನುಂಗಿತು. ಅಕೇಶಿಯದ ಎಲೆಯನ್ನು ದನ ಮೂಸುವುದಿಲ್ಲ. ಕೊಟ್ಟಿಗೆಗೆ ಹಾಸಿದರೆ ಬೇಗ ಕರಗುವುದೂ ಇಲ್ಲ. ಬ್ಯಾಣವೂ ಹೋಯಿತು, ಬೆಟ್ಟವೂ ಹೋಯಿತು.

2015ರಲ್ಲಿ ಗಿರಣಿ ನಿಂತಿತು. 2020ಕ್ಕೆ ಗುತ್ತಿಗೆ ಮುಗಿಯಿತು. ನೆಲ ಇನ್ನು ಹಿಂದಿರುಗುವುದೆಂದು ಜನ ಎಣಿಸಿದ್ದರು. ಅದೇ ವರ್ಷ ಸರ್ಕಾರ ಸುಮಾರು 20,000 ಹೆಕ್ಟೇರಿನ ಗುತ್ತಿಗೆಯನ್ನು ಇನ್ನೂ ನಾಲ್ವತ್ತು ವರ್ಷಗಳಿಗೆ ಮುಂದುವರಿಸಿತು. ನಡೆಯದ ಕಾರ್ಖಾನೆಗೆ ಬೆಳೆಯುವ ಕಾಡು! ‘ನಮ್ಮೂರಿಗೆ ಅಕೇಶಿಯಾ ಮರ ಬೇಡ’ ಎಂಬ ಚಳವಳಿ ಎದ್ದದ್ದು ಈ ಹಿನ್ನೆಲೆಯಲ್ಲಿ. ನಮ್ಮ ನಾಡಿಗೆ ಇದು ಹೊಸತೇನಲ್ಲ. 1984ರಲ್ಲಿ ಹುಟ್ಟಿದ ಕರ್ನಾಟಕ ಪಲ್ಪ್‌ವುಡ್ ಕಂಪೆನಿಗೆ ಊರೊಟ್ಟಿನ ಜಮೀನುಗಳನ್ನು ಕೊಟ್ಟಾಗ, 1987ರ ನವೆಂಬರಿನಲ್ಲಿ ಹಾನಗಲ್ಲು ತಾಲ್ಲೂಕಿನ ಕುಸನೂರಿನಲ್ಲಿ ‘ಕಿತ್ತಿಕೊ ಹಚ್ಚಿಕೊ’ ಸತ್ಯಾಗ್ರಹ ನಡೆಯಿತು. ನೀಲಗಿರಿ ಸಸಿಯನ್ನು ಕಿತ್ತು, ಊರಿಗೆ ಬೇಕಾದ ಸಸಿಯನ್ನು ನೆಡುವುದು. 1991ರಲ್ಲಿ ಕಂಪೆನಿಯನ್ನು ಮುಚ್ಚಲು ಸರ್ಕಾರ ನಿರ್ಧರಿಸಿತು.

ಆದರೆ ಹಿಂದಿರುಗಿದ ನೆಲವನ್ನು ಏನು ಮಾಡುವುದು? ಕವಲೇದುರ್ಗದಂತೆ ಬಿಟ್ಟುಬಿಟ್ಟರಾಯಿತೆ? ಕವಲೇದುರ್ಗಕ್ಕೆ ಬೀಜ ಕೊಡಲು ಸುತ್ತಲೂ ಕಾಡಿತ್ತು. ಅಕೇಶಿಯದ ಬೀಜದ ಸಿಪ್ಪೆ ಗಟ್ಟಿ. ಮರ ಕಡಿದು ಬೆಂಕಿ ಬಿದ್ದ ನೆಲದಲ್ಲಿ ಪೈರಿನಂತೆ ಮತ್ತೆ ಅದೇ ಹುಟ್ಟುತ್ತದೆ. ಕಾನು ಹತ್ತಿರವಿದ್ದು, ಬಹುಕಾಲ ಕೊಡಲಿ ಬೀಳದ ನೆಡುತೋಪಿನೊಳಗೆ ಮಾತ್ರ ಬೇರೆಯ ನೋಟ. ಅಂತಹ ಒಂದೆರಡು ಕಡೆ ಅಕೇಶಿಯದ ನೆರಳಿನಲ್ಲಿಯೇ ನೇರಳೆ, ರಂಜ, ಮುರುಗಲು ಸಸಿಗಳು ತಲೆಯೆತ್ತಿರುವುದನ್ನು ಕಂಡಿದ್ದೇನೆ. ಹಕ್ಕಿಗಳು ತಂದ ಬೀಜವಿರಬೇಕು. ಆದುದರಿಂದ ಎಲ್ಲವನ್ನೂ ಒಮ್ಮೆಲೇ ಕಡಿಯಿರೆನ್ನುವ ಮಿತ್ರರ ಆವೇಶ ನನಗೆ ಒಪ್ಪಿಗೆಯಿಲ್ಲ. ಕಾನಿನ ಮಗ್ಗುಲಿನದನ್ನು ಮುಟ್ಟದೆ ಕಾಯುವುದು, ದೂರದ್ದನ್ನು ತುಂಡುತುಂಡಾಗಿ ತೆಗೆದು ನಾಡಮರ ನೆಡುವುದು ಮೇಲು.

ಪೇಟೆಯ ಅಂಚಿನ ನೆಲಕ್ಕೆ ಇನ್ನೊಂದು ಉಪಯೋಗವೂ ಉಂಟು. ದೂರದ ಬರ್ಲಿನ್ನಿನ ದಕ್ಷಿಣ ಭಾಗದಲ್ಲಿ ರೈಲಿನ ಡಬ್ಬಿಗಳನ್ನು ಜೋಡಿಸುವ ದೊಡ್ಡ ಯಾರ್ಡೊಂದು 1952ರಲ್ಲಿ ನಿಂತುಹೋಯಿತು. ಹಳಿಗಳ ನಡುವೆ ಬರ್ಚ್ ಮರ ಎದ್ದಿತು. ಅಮೆರಿಕದಿಂದ ಬಂದ ರೊಬಿನಿಯವೂ ಎದ್ದಿತು. ಮತ್ತೆ ಅಲ್ಲಿ ಯಾರ್ಡು ಕಟ್ಟಲು ಹೊರಟಾಗ ಊರವರು ತಡೆದರು. 2000ದಲ್ಲಿ ಆ 18 ಹೆಕ್ಟೇರು ಜನ ಅಡ್ಡಾಡುವ ಕಾಡಾಗಿ ತೆರೆಯಿತು. ಹಳಿಗಳನ್ನು ಕೀಳಲಿಲ್ಲ, ಪರದೇಶದ ಮರವನ್ನು ಪೂರ್ತಿ ಅಟ್ಟಲೂ ಇಲ್ಲ, ಹದ್ದಿನಲ್ಲಿಟ್ಟರು. ಸಾಗರ, ಹೊಸನಗರ, ತೀರ್ಥಹಳ್ಳಿಗಳ ಮಗ್ಗುಲಿನ ಒಂದೊಂದು ನೆಡುತೋಪಾದರೂ ಹೀಗೆ ಸಾರ್ವಜನಿಕರ ಕಾನಾಗಬಾರದೆ? ಬೆಳಗಿನ ನಡಿಗೆಯವರೂ ಶಾಲೆಯ ಮಕ್ಕಳೂ ಅಲ್ಲಿ ಹೋಗಲಿ. ಸೊಪ್ಪು ದರಗಿಗೆ ಬರುವವರನ್ನು ಕಳ್ಳರಂತೆ ಓಡಿಸದಿರಲಿ.

ಇದರಲ್ಲಿ ತೊಡಕೊಂದಿದೆ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿದು ಶರಾವತಿಯ ನೀರು ನಿಂತಾಗ, ಸಾಗರ ಹೊಸನಗರಗಳ ಕಣಿವೆಯ ಜನರನ್ನು ಎಬ್ಬಿಸಿ ಅರಣ್ಯದ ನೆಲದಲ್ಲಿ ಕೂರಿಸಿದರು. ಅವರಲ್ಲಿ ಎಷ್ಟೋ ಮನೆಯವರು ಹಕ್ಕುಪತ್ರಕ್ಕಾಗಿ ಆರು ದಶಕಗಳಷ್ಟು ಕಾಲ ಕಚೇರಿಯಿಂದ ಕಚೇರಿಗೆ ಅಲೆದಿದ್ದಾರೆ. ಗಿರಣಿಯ ನೆಲವನ್ನು ಅಳೆದು ಕಾಡಿಗೆ ಬಿಡುವ ದಿನ ಬಂದರೆ, ಸರ್ವೆಯ ಸರಪಳಿ ಹಿಡಿದವರು ಮೊದಲು ಆ ಮನೆಗಳ ಅಂಗಳಕ್ಕೆ ಹೋಗಿ, ಹಿತ್ತಿಲು ಎಲ್ಲಿಗೆ ಮುಗಿಯುತ್ತದೆಂದು ಅಲ್ಲಿಯವರನ್ನೇ ಕೇಳಬೇಕು.